ಹೊಗೆಗುಡ್ಡದಲ್ಲಿ ಓಗೊಟ್ಟದ್ದು

ಕಳೆದ ಚಳಿಗಾಲದಲ್ಲಿ ನನಗೊಂದು ಬಂಡೆ ಬೇಕಾಗಿತ್ತು. ತುಂಬ ಎತ್ತರದ್ದೇನೂ ಬೇಡ, ಎಳೆ ತೆಂಗಿನ ಮರದಷ್ಟಿದ್ದರೆ ಸಾಕು. ಆದರೆ ಹತ್ತಿರದಲ್ಲಿ ಜನ ಇರಬಾರದು. ಬಹರೈನಿನಲ್ಲಿ ಈ ಎರಡೂ ಒಟ್ಟಿಗೆ ಸಿಗುವುದು ಕಷ್ಟ ಎಂದು ತಿಳಿಯಲು ಹದಿನಾಲ್ಕು ಕಡೆ ಫೋನು ಮಾಡಬೇಕಾಯಿತು.

ಈ ದ್ವೀಪ ಹಪ್ಪಳದ ಹಾಗೆ ಚಪ್ಪಟೆ. ಬಂಡೆ ಎನ್ನಬಹುದಾದದ್ದೆಲ್ಲ ಇರುವುದು ದಕ್ಷಿಣದ ಮರುಭೂಮಿಯಲ್ಲಿ, ಜಬಲ್ ದುಖಾನ್ ಎಂಬ ಗುಡ್ಡದ ಆಸುಪಾಸಿನಲ್ಲಿ. ದುಖಾನ್ ಎಂದರೆ ಹೊಗೆ. ಗಾಳಿಯಲ್ಲಿ ತೇವ ಹೆಚ್ಚಿದ ದಿನ ಗುಡ್ಡದ ಬುಡ ಅಳಿಸಿಹೋಗಿ ತಲೆ ಮಾತ್ರ ತೇಲುತ್ತಿರುವ ಹಾಗೆ ಕಾಣುತ್ತದೆ. ಮನೆಯಲ್ಲಿ ನಾವು ಅದನ್ನು ಹೊಗೆಗುಡ್ಡ ಎನ್ನುತ್ತೇವೆ. ಬೇಸಿಗೆಯಲ್ಲಿ ಅಲ್ಲಿ ಎಣ್ಣೆ ಪಂಪುಗಳು ತಲೆಯಾಡಿಸುವುದು ಬಿಟ್ಟರೆ ಬೇರೆ ಚಲನೆಯೇ ಇಲ್ಲ. ಚಳಿಗಾಲ ಬಂತೆಂದರೆ ಅರ್ಧ ದೇಶ ಅಲ್ಲಿಗೆ ಹೋಗಿ ಖೈಮಾ ಹೂಡುತ್ತದೆ. ಸಾಲು ಸಾಲು ಡೇರೆಗಳು, ಜನರೇಟರಿನ ಸದ್ದು, ಬಣ್ಣದ ದೀಪದ ಸರ, ನಾಲ್ಕು ಚಕ್ರದ ಮರಳುಬೈಕುಗಳ ಧೂಳು. ಜನವರಿ ಎಂದರೆ ಅದರ ನಡುಮಧ್ಯ. ಒಳ್ಳೆಯ ಜಾಗಗಳು ಎಷ್ಟೋ ಮೊದಲೇ ಹೋಗಿರುತ್ತವೆ. ದಿನಬಾಡಿಗೆಗೆ ಖೈಮಾ ಕೊಡುವವರು ಯಾವ ದಿನಕ್ಕೆ ಎಂದು ಕೇಳುವ ಮೊದಲೇ “ಫುಲ್, ಫುಲ್” ಎನ್ನುತ್ತಿದ್ದರು.

ಬಂಡೆ ಬೇಕಾಗಿದ್ದದ್ದು ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ. ನಾವು ಮೂವರೂ ಗುದೈಬಿಯಾದ ಒಂದು ಹಳೆಯ ಕಟ್ಟಡದ ಮೂರನೇ ಮಾಳಿಗೆಯಲ್ಲಿ ಒಟ್ಟಿಗೆ ಇರುವುದು. ಅಕ್ಕ ಅದ್ಲಿಯಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ನಾನು ಒಂದು ಕಂಟ್ರಾಕ್ಟಿಂಗ್ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಯಾವ ನಕ್ಷೆ ಯಾವತ್ತು ಬಂತು, ಯಾವತ್ತು ಹೋಯಿತು, ಎಷ್ಟನೇ ತಿದ್ದುಪಡಿ ಎಂದು ಬರೆದಿಡುವುದು ನನ್ನ ಕೆಲಸ. ಆ ಚಾಳಿ ಮನೆಗೂ ಬಂದಿದೆ. “ಇವ ದೋಸೆ ತಿಂದರೂ ಎಷ್ಟನೇದು ಅಂತ ಡೈರಿಯಲ್ಲಿ ಬರೀತಾನೆ” ಎಂದು ಅಕ್ಕ ತಮಾಷೆ ಮಾಡುತ್ತಾಳೆ. ಸುಳ್ಳಲ್ಲ, ಕೆಲವು ದಿನ ಬರೆದದ್ದುಂಟು.

ಭಾವನದ್ದು ಹಗ್ಗದ ಕೆಲಸ. ಎತ್ತರದ ಕಟ್ಟಡಗಳ ಹೊರಗೋಡೆಯಲ್ಲಿ ಮೇಲಿನಿಂದ ಹಗ್ಗ ಹಿಡಿದು ಇಳಿದು, ಗಾಜು ಒರೆಸಿ, ಸಂದಿಗಳಿಗೆ ಸೀಲಂಟ್ ತುಂಬಿ, ಸಡಿಲಾದ ಹಲಗೆ ಬಿಗಿ ಮಾಡುವುದು. ಹನ್ನೊಂದು ವರ್ಷದಿಂದ ಅದನ್ನೇ ಮಾಡುತ್ತಿದ್ದಾರೆ. ಮೈಮೇಲೆ ಯಾವಾಗಲೂ ಎರಡು ಹಗ್ಗ ಇರುತ್ತವೆ. ಒಂದು ಭಾರ ಹೊರುವುದು, ಇನ್ನೊಂದು ಮೊದಲನೆಯದು ಕೈಕೊಟ್ಟರೆ ಹಿಡಿಯುವುದು. ಅಕ್ಟೋಬರಿನ ಒಂದು ಸಂಜೆ ಮೊದಲನೆಯದು ಕೈಕೊಟ್ಟಿತು. ಒಂದು ಮಾರಿನಷ್ಟು ಜಾರಿದರು, ಎರಡನೆಯದು ಹಿಡಿಯಿತು. ಮೊಣಕೈ ತರಚಿತ್ತು, ಅಷ್ಟೆ. ಆದರೆ ಆಮೇಲೆ ನಾಲ್ಕೈದು ಸಲ ಹಗ್ಗಕ್ಕೆ ಭಾರ ಬಿಟ್ಟು ನೋಡಿ, ಅದನ್ನು ನಿಲ್ಲಿಸಿಯೇಬಿಟ್ಟರು. ಬೆನ್ನುನೋವು ಎಂದು ಹೇಳಿ ಎರಡು ತಿಂಗಳು ಕೆಳಗೆ ನಿಂತು ಸಾಮಾನು ಕಟ್ಟಿಕೊಡುವ ಕೆಲಸ ಮಾಡಿದರು.

ಡಿಸೆಂಬರ್ ಕೊನೆಗೆ ಅವರ ಮುದೀರ್, ಅಂದರೆ ಮ್ಯಾನೇಜರ್, ಕರೆದು ಮಾತಾಡಿದ. ಹಗ್ಗದ ಕೆಲಸಕ್ಕೆ ಬೇಕಾದ ಕಾರ್ಡಿನ ಅವಧಿ ಮುಗಿಯುತ್ತಿದೆ, ಜನವರಿ ಮೂವತ್ತಕ್ಕೆ ಪರೀಕ್ಷೆ. ಹಗ್ಗದಲ್ಲಿ ನೇತಾಡಿ ತೋರಿಸಿದರೆ ಕಾರ್ಡು. ಇಲ್ಲದಿದ್ದರೆ ಕಾರ್ಡಿಲ್ಲ, ಕೆಲಸವಿಲ್ಲ, ವೀಸಾ ಇಲ್ಲ. “ಆಮೇಲೆ ಖಲಾಸ್” ಎಂದನಂತೆ, ಬೇಸರದಿಂದಲೇ.

ಜನವರಿ ಮೂರು, ಶುಕ್ರವಾರ. ಮಧ್ಯಾಹ್ನ ಊಟ ಮುಗಿಸಿ ನಾವಿಬ್ಬರೂ ಬಾಲ್ಕನಿಯಲ್ಲಿ ಕೂತಿದ್ದೆವು. ಕೆಳಗೆ ಬೀದಿಯಲ್ಲಿ ಯಾರೋ ಟ್ಯಾಕ್ಸಿಯವನ ಜೊತೆ ಚೌಕಾಸಿ ಮಾಡುತ್ತಿದ್ದರು.

“ನನಗೊಂದು ಬಂಡೆ ನೋಡು ಮಾರಾಯ” ಎಂದರು ಭಾವ. “ನೀನು ಎಲ್ಲ ಕ್ರಮದಲ್ಲಿ ಮಾಡುವವ ಅಲ್ವಾ.”

“ಬಂಡೆ ಎಂತಕ್ಕೆ ಭಾವ? ನಿಮ್ಮ ಯಾರ್ಡಿನಲ್ಲೇ ಪ್ರಾಕ್ಟೀಸಿನ ಟವರ್ ಉಂಟಲ್ಲ?”

“ಅಲ್ಲಿ ಎಲ್ಲರೂ ನೋಡ್ತಾರೆ. ಒಂದು ಸಲ ಕೈ ನಡುಗಿದರೆ ಪರೀಕ್ಷೆಗೆ ಮೊದಲೇ ಸುದ್ದಿ ಮೇಲೆ ಹೋಗ್ತದೆ. ಯಾರೂ ಇಲ್ಲದ ಕಡೆ ಒಂದೇ ಒಂದು ಸಲ ನೇತಾಡಿ ನೋಡಬೇಕು. ಆದ್ರೆ ಆಯ್ತು, ಇಲ್ಲಾಂದ್ರೆ ಪೆಟ್ಟಿಗೆ ಕಟ್ಟುವುದು.”

“ಅಷ್ಟು ಹೆದರಿಕೆಯಾ?”

“ಬೀಳುವ ಹೆದರಿಕೆ ಅಲ್ಲ.” ಅವರು ಬೀದಿಯನ್ನೇ ನೋಡುತ್ತಿದ್ದರು. “ಯಾರೋ ಕರೀತಾರೆ.”

ಭಾವ ತುಳು ಮನೆಯವರು, ನಾವು ಮನೆಯಲ್ಲಿ ಕನ್ನಡ ಮಾತಾಡುವವರು. ಆದರೆ ಒಂದು ವಿಷಯ ಎರಡೂ ಮನೆಗಳಲ್ಲಿ ಒಂದೇ ಇತ್ತು. ಮುಸ್ಸಂಜೆ ಆದಮೇಲೆ ಹೊರಗಿನಿಂದ ಯಾರಾದರೂ ಕರೆದರೆ ಮೊದಲ ಕರೆಗೆ ಓ ಎನ್ನಬಾರದು. ಎರಡನೆಯದಕ್ಕೂ ಅನ್ನಬಾರದು. ಕರೆಯುವುದು ಮನುಷ್ಯರಾದರೆ ಮೂರನೇ ಸಲವೂ ಕರೆಯುತ್ತಾರೆ. ಮನುಷ್ಯರಲ್ಲದ್ದು ಎರಡಕ್ಕೇ ನಿಲ್ಲಿಸುತ್ತದೆ. ಅಜ್ಜಿ ಇದನ್ನು ಹೆದರಿಸಲಿಕ್ಕೆಂದು ಹೇಳುತ್ತಿರಲಿಲ್ಲ. ಕಾಲು ತೊಳೆದು ಒಳಗೆ ಬಾ ಎಂದು ಹೇಳುವ ಧ್ವನಿಯಲ್ಲೇ ಹೇಳುತ್ತಿದ್ದಳು. ಈಗಲೂ ಸಂಜೆ ಬಾಗಿಲ ಹೊರಗೆ ಯಾರಾದರೂ ಕೂಗಿದರೆ ನನ್ನ ನಾಲಿಗೆ ತಾನಾಗಿ ಎರಡು ಕರೆ ಕಾಯುತ್ತದೆ. ಆಫೀಸಿನಲ್ಲಿ ನನಗೆ ಕಿವಿ ಮಂದ ಎಂದು ಕೆಲವರು ತಿಳಿದಿದ್ದಾರೆ.

“ಅವತ್ತು ಜಾರುವ ಮೊದಲು ಮೇಲಿನಿಂದ ಕರೆಯಿತು” ಎಂದರು ಭಾವ. “ಹೋಯ್ ಅಂತ. ನಮ್ಮೂರಲ್ಲಿ ಕರೆಯುವ ಹಾಗೆಯೇ. ಎರಡು ಸಲ. ಮೇಲೆ ನನ್ನ ಜೊತೆ ಇದ್ದವ ಫಿಲಿಪೀನಿ. ಅವ ಹೋಯ್ ಅನ್ನುವವನಲ್ಲ, ಮತ್ತೆ ಆ ಹೊತ್ತಿಗೆ ಅವ ಕಟ್ಟಡದ ಆಚೆ ಬದಿಯಲ್ಲಿದ್ದ. ನಾನು ಓ ಅನ್ನಲಿಲ್ಲ. ಹಗ್ಗ ಜಾರಿತು.”

“ಆಮೇಲೆ?”

“ಆಮೇಲೆ ಹಗ್ಗಕ್ಕೆ ಭಾರ ಬಿಟ್ಟಾಗಲೆಲ್ಲ. ಬೆಳಗ್ಗೆ ಆದರೂ ಅಷ್ಟೇ, ಯಾರ್ಡಿನಲ್ಲಿ ನೆಲದಿಂದ ಎರಡಡಿ ಮೇಲಾದರೂ ಅಷ್ಟೇ. ಎರಡು ಸಲ ಕರೆದು ಸುಮ್ಮನಾಗ್ತದೆ. ನಾನು ಮೂರನೇದಕ್ಕೆ ಕಾಯ್ತೇನೆ. ಬರುವುದಿಲ್ಲ. ಕಾಯುವಾಗ ಕೈಕಾಲಿನ ಶಕ್ತಿಯೆಲ್ಲ ಹೋಗ್ತದೆ ಮಾರಾಯ. ಕೆಳಗಿನವರು ರೇಡಿಯೋದಲ್ಲಿ ಕೂಗ್ತಾ ಇರ್ತಾರೆ, ಅದಕ್ಕೂ ಉತ್ತರ ಕೊಡ್ಲಿಕ್ಕೆ ಆಗುವುದಿಲ್ಲ.”

ಅಕ್ಕ ಚಹಾ ತಟ್ಟೆ ಹಿಡಿದುಕೊಂಡು ಬಾಲ್ಕನಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಎಂದು ನಮಗೆ ಗೊತ್ತಿರಲಿಲ್ಲ. “ಬೆನ್ನುನೋವು ಅಂತ ಎರಡು ತಿಂಗಳು ನನ್ನ ಕೈಯಿಂದ ಎಣ್ಣೆ ತಿಕ್ಕಿಸಿಕೊಂಡದ್ದು ಯಾಕೆ ಹಾಗಾದ್ರೆ?” ಎಂದಳು. ನಗಿಸುವ ಧ್ವನಿಯಲ್ಲೇ ಹೇಳಿದರೂ ಬಟ್ಟಲು ಇಡುವಾಗ ಚಹಾ ಚೆಲ್ಲಿತು. ಅವಳು ಭಾವನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಮದುವೆಯಾದಾಗಿನಿಂದ “ಹೋಯ್” ಎಂದೇ ಕರೆಯುವುದು. ಆ ದಿನದ ನಂತರ ಹಾಗೆ ಕರೆಯುವುದನ್ನು ಬಿಟ್ಟಳು. ಊಟಕ್ಕೆ ಏಳಿಸಬೇಕಾದರೆ ಹತ್ತಿರ ಹೋಗಿ ಭುಜ ಮುಟ್ಟುತ್ತಿದ್ದಳು.

ಯೋಜನೆ ಹೇಳಿದ್ದು ಭಾವ, ಕ್ರಮ ಹಾಕಿದ್ದು ನಾನು. ಬಂಡೆಯ ತಲೆಯ ಮೇಲೆ ಹಗ್ಗ ಕಟ್ಟುವುದು. ಅವರು ಬುಡದಿಂದ ಹತ್ತುವುದು, ನಾನು ಕೆಳಗೆ ನಿಂತು ಹಗ್ಗವನ್ನು ಬಿಗಿ ಮಾಡುತ್ತ ಹೋಗುವುದು. ತುದಿ ಮುಟ್ಟಿದ ಮೇಲೆ ನಾನು ಕರೆಯಬೇಕು. ಅವರು ಓಗೊಟ್ಟು ಎರಡೂ ಕೈ ಬಿಟ್ಟು ನೇತಾಡಬೇಕು.

“ಭಾವ ಅಂತ ಕರಿ” ಎಂದರು. “ಹಾಗೆ ಕರೆಯುವವ ಈ ದ್ವೀಪದಲ್ಲಿ ನೀನೊಬ್ಬನೇ. ಅಕ್ಕನಿಗೆ ಬೇರೆ ತಮ್ಮ ಇಲ್ಲ, ನನಗೆ ಬೇರೆ ಭಾವಮೈದ ಇಲ್ಲ. ಮೂರು ಸಲ ಕರಿ. ಮೂರನೇದು ಕೇಳಿದ ಮೇಲೆಯೇ ನಾನು ಓ ಅನ್ನುವುದು. ಆಗ ಅದು ನೀನೇ ಅಂತ ಸರಿಯಾಗಿ ಗೊತ್ತಾಗ್ತದೆ.”

ಎಷ್ಟು ಸರಳವಾದ ಉಪಾಯ ಎಂದು ನನಗೆ ಆಗ ಅನ್ನಿಸಿತ್ತು.

ಹಗ್ಗ ಹಿಡಿಯಲು ನನಗೆ ಬರುತ್ತಿರಲಿಲ್ಲ. ಒಳಾಂಗಣದಲ್ಲಿ ಪ್ಲಾಸ್ಟಿಕ್ ಹಿಡಿಗಳ ಗೋಡೆ ಇರುವ ಒಂದು ಜಾಗಕ್ಕೆ ಐದು ಸಂಜೆ ಹೋಗಿ ಕಲಿತೆ. ಅಲ್ಲಿ ಕಲಿಸುವ ಹುಡುಗಿಯ ಮೊದಲ ಪಾಠವೇ ಕೂಗಿಗೆ ತಕ್ಷಣ ಉತ್ತರ ಕೊಡಬೇಕು ಎಂಬುದು. ಮೇಲಿನವರು ಒಂದು ಸಲ ಹೇಳಿದರೆ ಕೆಳಗಿನವರು ಅರೆಗಳಿಗೆಯೂ ಕಾಯಬಾರದು. ನಾನು ಪ್ರತಿ ಸಲವೂ ಕಾದೆ. “ನಿಮಗೆ ಕೇಳಿಸ್ತಾ ಇಲ್ವಾ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಮ್ಮ ಮನೆಯ ಕ್ರಮ ಬೇರೆ ಎಂದು ಅವಳಿಗೆ ವಿವರಿಸುವುದು ಹೇಗೆ?

ಮನೆಯಲ್ಲಿ ಭಾವ ಇಪ್ಪತ್ತು ಕಿಲೋದ ಕುಚ್ಚಲಕ್ಕಿ ಚೀಲವನ್ನು ಮೆಟ್ಟಿಲ ಕಂಬಿಯಿಂದ ಇಳಿಬಿಟ್ಟು ನನ್ನನ್ನು ಪರೀಕ್ಷಿಸಿದರು. ಅವರು ಮೇಲಿನ ಮಾಳಿಗೆಯಿಂದ ಚೀಲ ತಳ್ಳುವುದು, ನಾನು ಕೆಳಗಿನಿಂದ ತಡೆಯುವುದು. ಮೂರನೇ ಸಲ ಚೀಲ ಗಾಳಿಯಲ್ಲಿ ತಿರುಗುತ್ತಿದ್ದಾಗ ಕಟ್ಟಡದ ನಾತೂರ್, ನಮ್ಮ ಕಾವಲುಗಾರ, ಕೆಳಗಿನಿಂದ ಕತ್ತೆತ್ತಿ ನೋಡಿದ.

“ಕಿಸ್ಕೋ ಲಟ್ಕಾ ರಹೇ ಹೋ ಭಾಯ್?” ಎಂದ. ಯಾರನ್ನು ನೇತು ಹಾಕುತ್ತಿದ್ದೀರಿ ಎಂದು.

“ಅಕ್ಕಿ, ಅಕ್ಕಿ” ಎಂದು ಭಾವ ನಕ್ಕರು.

ನಾತೂರ್ ನಗಲಿಲ್ಲ. ಅವನು ನೋಡುತ್ತಿದ್ದದ್ದು ಚೀಲವನ್ನಲ್ಲ, ಅದರ ಮೇಲಿನ ಖಾಲಿ ಹಗ್ಗವನ್ನು. ಸ್ವಲ್ಪ ಹೊತ್ತು ಹಾಗೇ ನೋಡಿ, ಚಪ್ಪಲಿ ಎಳೆಯುತ್ತ ಹೋಗಿಬಿಟ್ಟ.

ಹದಿನಾಲ್ಕನೇ ಫೋನಿನಲ್ಲಿ ಜಾಗ ಸಿಕ್ಕಿತು. ಬಾಡಿಗೆಗೆ ಏಳು ಖೈಮಾ ಇಟ್ಟುಕೊಂಡಿದ್ದ ಒಬ್ಬ ಬಹರೈನಿ, ಅರಾದ್ ಕಡೆಯವನು, ಚೆನ್ನಾಗಿ ಹಿಂದಿ ಮಾತಾಡುತ್ತಿದ್ದ. ಆರು ತುಂಬಿವೆ, ಕೊನೆಯದು ಖಾಲಿ ಇದೆ ಎಂದ. ಯಾವ ದಿನ ಖಾಲಿ ಎಂದು ಕೇಳಿದೆ. “ಯಾವ ದಿನ ಬೇಕು ಹೇಳು ಸದೀಕ್, ಅದು ಯಾವಾಗಲೂ ಖಾಲಿ” ಎಂದ. ಸದೀಕ್ ಎಂದರೆ ಗೆಳೆಯ. ಸೀಸನ್ನಿನ ನಡುವೆ ಈ ಮಾತು ಕೇಳಿ ನನಗೆ ಖುಷಿಯಾಗಬೇಕಿತ್ತು.

ಹನ್ನೊಂದನೇ ತಾರೀಕು ಶನಿವಾರ ನಾನೊಬ್ಬನೇ ನೋಡಲು ಹೋದೆ. ಅವನೇ ತನ್ನ ಪಿಕಪ್ಪಿನಲ್ಲಿ ಕೂರಿಸಿಕೊಂಡು ಕರೆದುಕೊಂಡು ಹೋದ. ಆರು ಖೈಮಾಗಳಲ್ಲಿ ಮಕ್ಕಳ ಗಲಾಟೆ, ಮಾಂಸ ಸುಡುವ ವಾಸನೆ. ಏಳನೆಯದು ಅವುಗಳಿಂದ ಒಂದು ಕೂಗಿಗಿಂತ ದೂರದಲ್ಲಿ, ಕಂದುಬಣ್ಣದ ಒಂದು ಬಂಡೆಗೋಡೆಯ ಎದುರಿಗಿತ್ತು. ಬಂಡೆ ನನಗೆ ಬೇಕಾದಷ್ಟೇ ಎತ್ತರ. ಹಿಂಬದಿಯಿಂದ ನಡೆದೇ ತಲೆಗೆ ಹೋಗಬಹುದು. ತಲೆಯ ಮೇಲೆ ಹಗ್ಗ ಸುತ್ತಲು ಮಲಗಿದ ಎಮ್ಮೆಯಂಥ ದೊಡ್ಡ ಗುಂಡುಕಲ್ಲು. ನಾನು ಮನಸ್ಸಿನಲ್ಲಿ ಒಂದೊಂದಕ್ಕೂ ಗುರುತು ಹಾಕುತ್ತ ಹೋದೆ.

ಒಂದು ಮಾತ್ರ ಹೊಂದಲಿಲ್ಲ. ಉಳಿದ ಆರು ಖೈಮಾಗಳ ಬಾಗಿಲು ಬಂಡೆಯ ಕಡೆಗಿದ್ದವು, ಗಾಳಿಗೆ ಬೆನ್ನು ಹಾಕಿ. ಏಳನೆಯದರ ಬಾಗಿಲು ಬೀಸುವ ಗಾಳಿಗೇ ತೆರೆದುಕೊಂಡಿತ್ತು. ಒಳಗಿನ ಚಾಪೆಯ ಮೇಲೆ ಬೆರಳಷ್ಟು ಮರಳು.

“ಇದು ತಿರುಗಾಮುರುಗಾ ಆಗಿದೆಯಲ್ಲ?” ಎಂದೆ.

“ನಾನು ಹಾಕಿದ್ದು ಸರಿಯಾಗಿಯೇ. ಹೋದ ವರ್ಷ ಇದ್ದವರು ಬಾಗಿಲನ್ನು ಬಂಡೆಯಿಂದ ಆಚೆಗೆ ತಿರುಗಿಸಿಕೊಂಡರು. ಈ ವರ್ಷ ಸರಿ ಮಾಡಿಸಿದೆ. ಈ ಸಲ ಮೊದಲು ಬಂದವರೇ ಮತ್ತೆ ತಿರುಗಿಸಿದರು.”

“ಯಾಕಂತೆ?”

ಅವನು ಭುಜ ಕುಣಿಸಿದ. “ಆವಾಜ್ ಬರುತ್ತದಂತೆ. ಗಾಳಿ. ಕಲ್ಲಿನಲ್ಲಿ ತೂತುಗಳಿವೆ.”

ಪ್ರತಿಧ್ವನಿ ಇದ್ದರೆ ನಮ್ಮ ಲೆಕ್ಕವೆಲ್ಲ ತಪ್ಪುತ್ತದೆ ಎಂದು ನನಗೆ ಹೊಳೆದದ್ದು ಆಗ. ಒಂದು ಕರೆ ಎರಡಾಗಿ ಕೇಳಬಾರದಲ್ಲ. ನಾನು ಬಂಡೆಗೆ ಎದುರಾಗಿ ನಿಂತು ಜೋರಾಗಿ “ಹೋಯ್” ಎಂದು ಕೂಗಿದೆ. ಏನೂ ಮರಳಲಿಲ್ಲ. ಮೆತ್ತನೆಯ ಸುಣ್ಣದ ಕಲ್ಲು, ಧ್ವನಿಯನ್ನು ಹಿಟ್ಟಿನ ಹಾಗೆ ನುಂಗಿತು. ಬೇರೆ ಬೇರೆ ಕಡೆ ನಿಂತು ಮತ್ತೆ ಮತ್ತೆ ಕೂಗಿದೆ. ಪ್ರತಿಧ್ವನಿ ಇಲ್ಲವೇ ಇಲ್ಲ. ತಿರುಗಿ ನೋಡಿದರೆ ಆತ ಪಿಕಪ್ಪಿನ ಒಳಗೆ ಹೋಗಿ ಕೂತು ಕಿಟಕಿಯ ಗಾಜು ಏರಿಸಿಕೊಂಡಿದ್ದ. ನನ್ನನ್ನು ಇಳಿಸುವಾಗ, “ಅಲ್ಲಿ ಹಾಗೆ ಕರೆಯಬೇಡ” ಎಂದ.

ಅಷ್ಟಾದರೂ ನಾನು ಆ ಜಾಗವನ್ನೇ ಗೊತ್ತು ಮಾಡಿದೆ. ಬೇರೆ ಜಾಗ ಇರಲಿಲ್ಲ, ಬೇರೆ ದಿನಗಳೂ ಉಳಿದಿರಲಿಲ್ಲ.

ಇಪ್ಪತ್ತೊಂದು, ಮಂಗಳವಾರ. ಮೂವರೂ ರಜೆ ಹಾಕಿದೆವು. ಅಕ್ಕ ಪ್ರೆಶರ್ ಕುಕ್ಕರಿನ ತುಂಬ ಕೋಳಿ ಸಾರು ಮಾಡಿ, ಮುಚ್ಚಳ ಬಿಗಿದು, ಬೆಡ್‌ಶೀಟಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಜೊತೆಗೆ ಕೋರಿ ರೊಟ್ಟಿಯ ಪ್ಯಾಕೆಟ್ಟುಗಳು. “ನಲವತ್ತು ಮಾಳಿಗೆ ಇಳಿಯುವವರಿಗೆ ಈ ದಿಬ್ಬವಾ!” ಎಂದು ಬಂಡೆ ನೋಡಿ ಗೇಲಿ ಮಾಡಿದಳು. “ಇದಕ್ಕೆ ಮನೆಯ ಏಣಿ ಸಾಕಿತ್ತಲ್ಲ.”

“ನೀನು ರೊಟ್ಟಿ ಪುಡಿಯಾಗದ ಹಾಗೆ ನೋಡಿಕೊ ಮಾರಾಯ್ತಿ” ಎಂದರು ಭಾವ. ಅವರ ತುಟಿ ಒಣಗಿತ್ತು.

ಮೂರು ಗಂಟೆಗೆ ಹತ್ತುವುದು ಎಂದು ನಾನು ಬರೆದಿದ್ದೆ. ಆದರೆ ಬೇರೆ ಖೈಮಾಗಳ ಹುಡುಗರು ಮರಳುಬೈಕುಗಳಲ್ಲಿ ಬಂಡೆಯ ಸುತ್ತ ಸುತ್ತುತ್ತಲೇ ಇದ್ದರು. ನಮ್ಮ ಹೆಲ್ಮೆಟ್ಟು ನೋಡಿ ಕೈಬೀಸಿ ನಿಲ್ಲುವವರು ಬೇರೆ. ಭಾವ ಯಾರೂ ನೋಡಬಾರದೆಂದೇ ಇಷ್ಟು ದೂರ ಬಂದದ್ದು. ಕಾದೆವು. ಗಾಳಿ ನಿಂತಿತು. ತೇವ ಏರಿ, ದೂರದ ಎಣ್ಣೆ ಪಂಪುಗಳ ಕಾಲುಗಳು ಮೊದಲು ಮರೆಯಾದವು, ಆಮೇಲೆ ತಲೆಗಳು. ಐದು ದಾಟಿದ ಮೇಲೆ ಮಗ್ರಿಬ್‌ನ, ಅಂದರೆ ಸೂರ್ಯಾಸ್ತದ ನಮಾಜಿನ, ಬಾಂಗ್ ಕೇಳಿತು. ಹುಡುಗರು ಹೋದರು. ಬಿಳಿ ಮಬ್ಬಿನಲ್ಲಿ ಬಂಡೆ, ಖೈಮಾ, ನಾವು ಮೂವರು ಉಳಿದೆವು.

“ಮುಸ್ಸಂಜೆ ಆಯ್ತು ಭಾವ. ನಾಳೆ ಬೆಳಗ್ಗೆ ನೋಡುವ” ಎಂದೆ.

“ಅದು ಕರೆಯಲು ಶುರು ಮಾಡಿದ್ದೇ ಈ ಹೊತ್ತಿಗೆ. ಆಗುವುದಾದರೆ ಈಗಲೇ ಆಗಬೇಕು.”

ಅವರು ಹಿಂಬದಿಯಿಂದ ಹೋಗಿ ಗುಂಡುಕಲ್ಲಿಗೆ ಒಂದು ಹಗ್ಗ ಕಟ್ಟಿ, ಇನ್ನೊಂದನ್ನು ಅಲ್ಲೇ ಬಿಗಿದ ಕೊಂಡಿಯಲ್ಲಿ ಹಾಯಿಸಿ, ಜಗ್ಗಿ ನೋಡಿ ಬಂದರು. ಕೊಂಡಿಯಲ್ಲಿ ಹಾದ ಹಗ್ಗದ ಒಂದು ತುದಿ ಅವರ ಸೊಂಟಕ್ಕೆ, ಇನ್ನೊಂದು ತುದಿ ನನ್ನ ಸೊಂಟಕ್ಕೆ; ಕಟ್ಟಿದ ಹಗ್ಗ ಅವರ ಎದೆಯ ಹಿಡಿಕೆಗೆ. ನಾನು ಅರುವತ್ತೆರಡು ಕಿಲೋ, ಭಾವ ಎಂಬತ್ತರ ಮೇಲೆ. ಅದಕ್ಕೆ ನನ್ನನ್ನು ಹಿಂದಿನ ಒಂದು ಕಲ್ಲಿಗೆ ಪಟ್ಟಿಯಿಂದ ಬಿಗಿದಿದ್ದರು. ಅಕ್ಕ ಖೈಮಾದ ಬಾಗಿಲಲ್ಲಿ, ಬಂಡೆಗೆ ಬೆನ್ನು ಹಾಕಿ ಸ್ಟವ್ ಹೊತ್ತಿಸುತ್ತಿದ್ದಳು. ನೋಡುವುದಿಲ್ಲ ಎಂದು ಮೊದಲೇ ಹೇಳಿದ್ದಳು.

ಭಾವ ಹತ್ತಿದರು. ಹತ್ತುವುದು ಅವರಿಗೆ ಏನೂ ಅಲ್ಲ. ಬೆಕ್ಕಿನ ಹಾಗೆ ಹೋದರು. ನಾನು ಹಗ್ಗ ಎಳೆದುಕೊಳ್ಳುತ್ತ ಹೋದೆ. ತುದಿಯ ಅಂಚಿನ ಕೆಳಗೆ ಅವರು ನಿಂತಾಗ ಮಬ್ಬಿನಲ್ಲಿ ಬೂಟುಗಳು ಮಾತ್ರ ಸರಿಯಾಗಿ ಕಾಣುತ್ತಿದ್ದವು. ಬೂಟುಗಳು ನಡುಗುತ್ತಿದ್ದವು. ಸಣ್ಣ ಕಲ್ಲುಪುಡಿ ನನ್ನ ಹೆಲ್ಮೆಟ್ಟಿನ ಮೇಲೆ ಉದುರುತ್ತಿತ್ತು. ಅವರಿಗೆ ಆಗಲೇ ಅದು ಕೇಳಿಸಿದೆ ಎಂದು ನನಗೆ ಗೊತ್ತಾಯಿತು.

ಹಗ್ಗ ಬಿಗಿ ಮಾಡಿದೆ.

“ಭಾವ” ಎಂದೆ.

ಕಲ್ಲು ಅದನ್ನು ನುಂಗಿತು. ಕಾದೆ.

“ಭಾವ.”

ಬೂಟುಗಳು ಹಾಗೇ ಇದ್ದವು. ಬಾಯಿಯಲ್ಲಿ ಧೂಳು. ಉಗುಳು ನುಂಗಿ, ಮೂರನೆಯದಕ್ಕೆ ಉಸಿರು ಎಳೆದುಕೊಂಡೆ.

“ಓ” ಎಂದರು ಭಾವ. ಎರಡೂ ಕೈ ಬಿಟ್ಟರು.

ಹಗ್ಗ ನನ್ನನ್ನು ಹಿಮ್ಮಡಿಯಿಂದ ಬೆರಳ ತುದಿಗೆ ಎತ್ತಿತು, ಹಿಂದಿನ ಪಟ್ಟಿ ಬಿಗಿದು ನಿಲ್ಲಿಸಿತು. ನನ್ನ ಬಾಯಿ ತೆರೆದೇ ಇತ್ತು. ಎಳೆದುಕೊಂಡ ಉಸಿರು ಒಳಗೇ ಇತ್ತು. ಮೇಲೆ ಭಾವ ಮಬ್ಬಿನಲ್ಲಿ ನಿಧಾನವಾಗಿ ತಿರುಗುತ್ತ ನೇತಾಡುತ್ತಿದ್ದರು, ಮಗುವಿನಂತೆ ಕಾಲು ಆಡಿಸುತ್ತ. ಅವರು ನಗುತ್ತಿದ್ದರು. ಮೂರು ತಿಂಗಳಿನಿಂದ ನಾನು ಆ ನಗು ಕೇಳಿರಲಿಲ್ಲ.

“ಹಿಡ್ಕೊಂಡಿದ್ದೀಯಾ?” ಎಂದು ಕೂಗಿದರು.

“ಹಿಡ್ಕೊಂಡಿದ್ದೇನೆ ಭಾವ!” ಎಂದೆ. ಅದೊಂದೇ ನನಗೆ ಖಚಿತವಾಗಿ ಗೊತ್ತಿದ್ದ ಸಂಗತಿ.

ತುಂಬ ಹೊತ್ತು ನೇತಾಡಿದರು. ಮತ್ತೆ ಬಂಡೆ ಹಿಡಿದರು, ಮತ್ತೆ ಬಿಟ್ಟರು. ಕೆಳಗಿಳಿದಾಗ ಅವರ ಅಂಗಿ ಬೆನ್ನಿಗೆ ಅಂಟಿತ್ತು. ನನ್ನ ತಲೆಗೊಂದು ಸಣ್ಣ ಏಟು ಹಾಕಿ ಹೇಳಿದರು, “ಮೊದಲಿನ ಎರಡು ಸಪ್ಪೆ ಆಯ್ತು. ಮೂರನೇದು ಎಷ್ಟು ಚಂದ ಕರೆದೆ ಮಾರಾಯ! ಕಿವಿಯ ಹತ್ತಿರವೇ ಬಂದು ಕರೆದ ಹಾಗೆ.”

ಒಂಬತ್ತು ದಿನ ಬಿಟ್ಟು ಪರೀಕ್ಷೆ. ಎದುರಿಗೆ ನಗುತ್ತಿರುವ ಮುಖ. “ಹೌದು ಭಾವ” ಎಂದೆ.

ಊಟಕ್ಕೆ ರೊಟ್ಟಿಯ ಮೇಲೆ ಸಾರು ಸುರಿದುಕೊಂಡು ಭಾವ ಮೂರು ಸಲ ಬಡಿಸಿಕೊಂಡರು. ಅವರು ಹಗ್ಗ ಬಿಚ್ಚಿ ತರಲು ಟಾರ್ಚು ಹಿಡಿದು ಹೋದಾಗ ನಾನು, ಅಕ್ಕ ತಟ್ಟೆಗಳನ್ನು ಒಣ ಮರಳಿನಿಂದ ಉಜ್ಜುತ್ತ ಕೂತೆವು. ನೀರು ಉಳಿಸಲು ಹಾಗೆ ಮಾಡುವುದು ಎಂದು ಅವಳೇ ಎಲ್ಲೋ ಕೇಳಿಕೊಂಡು ಬಂದಿದ್ದಳು.

“ಮೂರು ಸಲ ಕರೆಯುವುದು ಅಂತ ಅಲ್ವಾ ಮಾತಾದದ್ದು?” ಎಂದಳು, ತಲೆ ಎತ್ತದೆ.

“ಹೌದು.”

“ನನಗೆ ಎರಡೇ ಕೇಳಿದ್ದು.”

ನಾನು ತಟ್ಟೆ ಉಜ್ಜಿದೆ. ಅವಳೂ ಉಜ್ಜಿದಳು. ಆಮೇಲೆ ಎದ್ದು ಹೋಗಿ, ಗಾಳಿಯ ಕಡೆಗೇ ಇದ್ದ ಆ ಬಾಗಿಲಿನ ಮೂರೂ ದಾರಗಳನ್ನು ಒಂದೊಂದಾಗಿ ಗಂಟು ಹಾಕಿದಳು. ಬಾಗಿಲನ್ನು ಬಂಡೆಯ ಕಡೆ ತಿರುಗಿಸೋಣ, ಮರಳು ಬರುತ್ತದೆ ಎಂದು ಭಾವ ಬಂದು ಹೇಳಿದಾಗ, ಬೇಡ ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು.

ಜನವರಿ ಮೂವತ್ತರಂದು ಭಾವ ಪಾಸಾದರು. ನಲವತ್ತು ನಿಮಿಷ ನೇತಾಡಿದರಂತೆ. ಪರೀಕ್ಷೆ ಮಾಡುವವನೇ ಸಾಕು ಇಳಿಯಿರಿ ಎಂದನಂತೆ. ಮೇಲೆ ಯಾರೂ ಕರೆಯಲಿಲ್ಲವೇ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಅವರಾಗಿಯೇ ಹೇಳಿದರು, “ಅದು ನಿಂತೇ ಹೋಯಿತು. ಅವತ್ತು ಓ ಅಂದ ಮೇಲೆ ಒಂದು ಸಲವೂ ಇಲ್ಲ.” ಕಾರ್ಡು ಬಂದ ದಿನ ಅವರು ಅದನ್ನು ದೇವರ ಫೋಟೋದ ಬಳಿ ಇಟ್ಟು ಮರುದಿನ ಕೆಲಸಕ್ಕೆ ಹೋದರು.

ನಾನು ಎಣಿಸುವವನು. ಎಣಿಕೆ ತಪ್ಪಿರಬಹುದೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಮೂರನೆಯದನ್ನು ಕರೆದು, ಕರೆದದ್ದು ಮರೆತಿರಬಹುದೇ? ಆದರೆ ಆ ಉಸಿರು ನನಗೆ ನೆನಪಿದೆ. ಭಾವ ಓ ಎಂದಾಗಲೂ ಅದು ನನ್ನ ಎದೆಯಲ್ಲೇ ಇತ್ತು.

ಫೆಬ್ರವರಿಯ ಕೊನೆಯ ವಾರ. ಮರುಭೂಮಿಯಲ್ಲಿ ಖೈಮಾಗಳನ್ನು ಬಿಚ್ಚುವ ಸಮಯ. ಸಂಜೆ ಏಳರ ಹೊತ್ತಿಗೆ ನಾನು, ಅಕ್ಕ ಹಜಾರದಲ್ಲಿ ಬಟ್ಟೆ ಮಡಚುತ್ತಿದ್ದೆವು. ಟಿವಿ ಹಾಕಿರಲಿಲ್ಲ. ಅಡುಗೆಮನೆಯಲ್ಲಿ ಭಾವ ಮೀನು ತೊಳೆಯುತ್ತಿದ್ದರು.

“ಓ, ಬಂದೆ” ಎಂದರು ಒಳಗಿನಿಂದ.

ಅಕ್ಕನ ಕೈ ಅಂಗಿಯ ತೋಳಿನ ಮೇಲೆ ನಿಂತಿತು. ನಲ್ಲಿ ನಿಂತಿತು. ಭಾವ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಒಂದೇ ಕರೆಗೆ ಓಗೊಟ್ಟವರ ಹಾಗೆ, ತಡವಿಲ್ಲದೆ ಬಂದಿದ್ದರು.

“ಎಂತ?”

“ನಾನು ಕರೀಲಿಲ್ಲ” ಎಂದಳು ಅಕ್ಕ. ಅವಳ ಧ್ವನಿ ತುಂಬ ಸಣ್ಣದಾಗಿತ್ತು.

“ನೀನಲ್ಲ, ಇವ. ಭಾವ ಅಂತ ಕರೆದನಲ್ಲ.” ನನ್ನ ಕಡೆ ನೋಡಿದರು. ಮುಖದಲ್ಲಿ ನಗು ಇನ್ನೂ ಇತ್ತು, ಆದರೆ ಅದು ಅಲ್ಲಿ ನಿಲ್ಲಬೇಕೋ ಹೋಗಬೇಕೋ ಎಂದು ನನ್ನ ಉತ್ತರಕ್ಕೆ ಕಾಯುತ್ತಿತ್ತು. ಮರುದಿನ ಬೆಳಗ್ಗೆ ಅವರು ಇಪ್ಪತ್ತೆಂಟನೇ ಮಾಳಿಗೆಯಿಂದ ಇಳಿಯುವವರಿದ್ದರು.

“ಹೌದು ಭಾವ, ನಾನೇ ಕರೆದದ್ದು” ಎಂದೆ. “ಒಂದು ಲೋಟ ನೀರು ತರ್ತೀರಾ?”

“ಎದ್ದು ಹೋಗಿ ಕುಡಿಯಲಿಕ್ಕೆ ಆಗುವುದಿಲ್ಲವಾ ನಿನಗೆ? ದೊಡ್ಡ ಸಾಹೇಬ!” ಎಂದು ಬೈದು ಒಳಗೆ ಹೋದರು. ನಲ್ಲಿ ಮತ್ತೆ ಹರಿಯಿತು. ಅಕ್ಕ ನನ್ನನ್ನು ನೋಡಲಿಲ್ಲ. ಮಡಚಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚಿದಳು.

ಭಾವ ನೀರು ತಂದುಕೊಟ್ಟರು. ಲೋಟಕ್ಕೆ ಮೀನಿನ ವಾಸನೆ ಇತ್ತು. ಅವರು ನೋಡುತ್ತ ನಿಂತಿದ್ದರು. ನನಗೆ ಬಾಯಾರಿಕೆ ಇರಲಿಲ್ಲ. ಪೂರ್ತಿ ಕುಡಿದೆ.